ನಗುವ ಮುಂಚೆ ಒಂದು ನಿಮಿಷ

ಓದುಗ ಮಹಾಶಯರೇ, ಈ ವಾರ ತಾರೆಯರ ಸುದ್ದಿಯಿಲ್ಲ, ಗಾಂಧಿನಗರದ ಗುಸುಗುಸೂ ಇಲ್ಲ. ಈ ವಾರ ನನ್ನದೇ ಒಂದು ತಪ್ಪೊಪ್ಪಿಗೆ!

ಕೆಲವು ವಾರಗಳ ಹಿಂದೆ ಇದೇ ಪುಟದಲ್ಲಿ ಒಬ್ಬ ಹಾಸ್ಯನಟರನ್ನು ಹೊಗಳಿದ್ದೆ. ಕೈ ಸೊಟ್ಟ ಮಾಡಿಕೊಂಡು, ಬಾಯಿ ವಾರೆ ಮಾಡಿಕೊಂಡು, ತೊದಲುತ್ತಾ ಓಲಾಡುವ ದೃಶ್ಯ. ‘ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು’ ಅಂತ ಬರೆದೆ. ಬರೆದು ಮರೆತೆ.

ಮೊನ್ನೆ ಜಯನಗರ ನಾಲ್ಕನೇ ಬ್ಲಾಕ್ ಬಸ್ ನಿಲ್ದಾಣದ ಪೇಪರ್ ಅಂಗಡಿ ಮುಂದೆ ಒಬ್ಬ ಯುವಕ ನಿಂತಿದ್ದರು, ಪಕ್ಕದಲ್ಲಿ ತಾಯಿ. ಆತನ ಕೈ ತನ್ನಷ್ಟಕ್ಕೆ ತಾನೇ ತಿರುಚಿಕೊಳ್ಳುತ್ತಿತ್ತು, ಕತ್ತು ಒಂದು ಕಡೆಗೆ ಎಳೆಯುತ್ತಿತ್ತು. ಕೈಯಲ್ಲಿ ನಮ್ಮದೇ ಪತ್ರಿಕೆ! ಅಂಗಡಿಯವರು ‘ಆ ಪುಟ ಬರೆಯೋದು ಇವರೇ’ ಅಂತ ನನ್ನ ಪರಿಚಯ ಮಾಡಿಸಿದರು. ನಾನು ಉಬ್ಬಿಹೋಗಿ, ‘ಇವರಿಗೆ ಸಿನಿಮಾ ಅಂದ್ರೆ ಇಷ್ಟಾನಾಮ್ಮಾ?’ ಅಂತ ತಾಯಿಯನ್ನು ಕೇಳಿದೆ.

‘ಅವನನ್ನೇ ಕೇಳಪ್ಪಾ. ಅವನಿಗೆ ಎಲ್ಲಾ ಅರ್ಥ ಆಗುತ್ತೆ.’

ಕೇಳಿದೆ. ಒಂದೊಂದು ಮಾತನ್ನೂ ಆತ ಗಂಟಲಿಂದ ಎಳೆದು ತರಬೇಕಿತ್ತು. ಅಷ್ಟರಲ್ಲಿ ಎರಡು ಬಸ್ಸು ಹೋದವು.

‘ಸಾರ್... ಆ ಪಿಕ್ಚರ್ ನಾನೂ ನೋಡ್ದೆ. ಆ ಸೀನ್‌ಗೆ ಎಲ್ಲಾರೂ ನಕ್ಕರು. ಇಂಟರ್‌ವಲ್‌ನಲ್ಲಿ ಲೈಟ್ ಬಂತು. ನನ್ನ ನೋಡಿ... ಇನ್ನೊಂದ್ಸಲ ನಕ್ಕರು.’

ಏನು ಹೇಳಲಿ ಸ್ವಾಮಿ! ಆತ ಬಿ.ಕಾಂ. ಮುಗಿಸಿದ್ದಾರೆ, ಪರೀಕ್ಷೆಯಲ್ಲಿ ತಾನು ಹೇಳಿದ್ದನ್ನು ಬೇರೆಯವರಿಂದ ಬರೆಸಿ. ಪಿಯುಸಿ ಅರ್ಧಕ್ಕೇ ಬಿಟ್ಟ ನಾನು ಅವರ ಬುದ್ಧಿ ಅಳೆಯಲು ಹೋಗಿದ್ದೆ!

ಇದಕ್ಕೆ ಸೆರೆಬ್ರಲ್ ಪಾಲ್ಸಿ ಅನ್ನುತ್ತಾರೆ. ಮಗು ಗರ್ಭದಲ್ಲಿದ್ದಾಗಲೋ, ಹೆರಿಗೆಯ ಹೊತ್ತಲ್ಲೋ, ಹುಟ್ಟಿದ ಹೊಸತರಲ್ಲೋ ಮಿದುಳಿಗೆ ಆದ ಪೆಟ್ಟು ಇದರ ಮೂಲ. ದಿನ ತುಂಬುವ ಮೊದಲೇ ಹುಟ್ಟಿದ್ದು, ಸೋಂಕು, ಆಮ್ಲಜನಕದ ಕೊರತೆ, ಹೀಗೆ ಕಾರಣ ಹಲವು. ಈ ಯುವಕನಿಗೆ ಹುಟ್ಟಿದ ವಾರದಲ್ಲೇ ಕಾಮಾಲೆ ವಿಪರೀತ ಏರಿತ್ತಂತೆ. ಹಳದಿ ಕಂಡ ಕೂಡಲೇ ಮಗುವನ್ನು ಆಸ್ಪತ್ರೆಗೆ ಒಯ್ದು ನೀಲಿ ದೀಪದಡಿ ಮಲಗಿಸಿದರೆ ಸಾಮಾನ್ಯವಾಗಿ ಈ ಅಪಾಯ ತಪ್ಪುತ್ತದೆ. ಇದು ಅಂಟುಜಾಡ್ಯವಲ್ಲ, ಪೂರ್ವಜನ್ಮದ ಪಾಪವೂ ಅಲ್ಲ. ಕೆಲವರಿಗೆ ಕಲಿಕೆಯೂ ಕಷ್ಟವಾಗಬಹುದು, ಆದರೆ ಎಷ್ಟೋ ಜನರ ಬುದ್ಧಿಗೆ ಏನೂ ಕೊರತೆಯಿಲ್ಲ. ಪೂರ್ತಿ ವಾಸಿ ಮಾಡುವ ಮದ್ದಿಲ್ಲ, ನಿಜ. ಚಿಕ್ಕಂದಿನಲ್ಲೇ ಫಿಸಿಯೋಥೆರಪಿ, ಮಾತಿನ ತರಬೇತಿ ಶುರುಮಾಡಿದರೆ ಬದುಕು ಬಹಳ ಹಗುರವಾಗುತ್ತದೆ. ಇಂದಿರಾನಗರದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ 1980ರ ದಶಕದಿಂದ ಈ ಕೆಲಸ ಮಾಡುತ್ತಾ ಬಂದಿದೆ.

ಹಾಗಾದರೆ ಇಂಥ ಪಾತ್ರವನ್ನು ತೆರೆಗೆ ತರಲೇಬಾರದೇ? ತರಲಿ! 1989ರ ‘ಮೈ ಲೆಫ್ಟ್ ಫುಟ್’ ಚಿತ್ರ ನೋಡಿ. ಎಡಗಾಲಲ್ಲೇ ಬರೆದು, ಚಿತ್ರ ಬಿಡಿಸಿದ ಐರ್ಲೆಂಡಿನ ಕ್ರಿಸ್ಟಿ ಬ್ರೌನ್ ಕಥೆ. ಆ ಪಾತ್ರಕ್ಕೆ ಡೇನಿಯಲ್ ಡೇ ಲೂಯಿಸ್ ಆಸ್ಕರ್ ಗೆದ್ದರು. ಅದರಲ್ಲೂ ನಗು ಇದೆ, ಆದರೆ ನಗಿಸುವುದು ಕ್ರಿಸ್ಟಿಯ ಚುರುಕು ನಾಲಿಗೆ, ಅವನ ಸೊಟ್ಟ ಕೈಯಲ್ಲ. ಕಾನೂನೂ ಈ ಮಾತು ಹೇಳಿದೆ. 2024ರ ಜುಲೈ 8ರಂದು ಸುಪ್ರೀಂ ಕೋರ್ಟು, ಅಂಗವಿಕಲತೆಯನ್ನು ಅರಿತು ಮಾಡುವ ಹಾಸ್ಯ ಬೇರೆ, ಅಂಗವಿಕಲರನ್ನು ಹೀಗಳೆಯುವ ಹಾಸ್ಯ ಬೇರೆ ಎಂದು ಗೆರೆ ಎಳೆದು ಚಿತ್ರರಂಗಕ್ಕೆ ಬುದ್ಧಿ ಹೇಳಿತು.

ನಮ್ಮ ಪುಟ್ಟಣ್ಣ ಕಣಗಾಲ್ 1971ರಲ್ಲೇ ‘ಶರಪಂಜರ’ದಲ್ಲಿ ತೋರಿಸಿದ್ದೂ ಇದನ್ನೇ ತಾನೇ? ಕಾವೇರಿಯ ಮನಸ್ಸಿನ ಕಾಯಿಲೆ ವಾಸಿಯಾಗಿತ್ತು, ಅವಳನ್ನು ನೋಡುವವರ ಕಣ್ಣು ವಾಸಿಯಾಗಿರಲಿಲ್ಲ. ಪುಟ್ಟಣ್ಣನವರ ಹೆಸರಿನ ಚಿತ್ರಮಂದಿರ ಇದ್ದದ್ದು ಇದೇ ನಾಲ್ಕನೇ ಬ್ಲಾಕಿನಲ್ಲಿ. ಈಗ ಅದಿಲ್ಲ. ಆ ಕಣ್ಣು ಮಾತ್ರ ಇನ್ನೂ ಇದೆ, ನನ್ನಲ್ಲೂ ಇತ್ತು.

‘ಕ್ಷಮಿಸಿ’ ಅಂದೆ. ಆತ ನಕ್ಕರು. ‘ಬಾಯಲ್ಲಿ ಬೇಡ ಸಾರ್... ಬರೀರಿ.’

ಬನಶಂಕರಿ ಬಸ್ಸು ಬಂತು. ತಾಯಿ ತೋಳು ಹಿಡಿದರು, ಆತ ನಿಧಾನವಾಗಿ ಹತ್ತಿದರು. ಹಿಂದಿದ್ದ ಯಾರೋ ‘ಬೆಳಿಗ್ಗೇನೇ ಕುಡಿದಿದಾನೆ’ ಅಂದರು. ಈ ಸಲ ನಾನು ಸುಮ್ಮನಿರಲಿಲ್ಲ.

ಬರೆದಿದ್ದೇನೆ, ಗೆಳೆಯಾ. ಓದಿ, ತಪ್ಪಿದ್ದರೆ ಮತ್ತೆ ಬೈಯಿರಿ.