ದವಾಖಾನಿಗೊಬ್ಬಾಕಿ ಶುಗರ್ ಸಿಸ್ಟರ್ ಬೇಕ್ರಿ

ಈಗಿನ ಕಾಲದಾಗ ಶುಗರ್ ಇಲ್ಲದ ಮನಿ ಯಾವುದದ ಹೇಳ್ರಿ? ನಮ್ಮ ಓಣಿಯೊಳಗಂತೂ ಅರಿಷಿಣ-ಕುಂಕುಮಕ್ಕ ಕರದ್ರ ಚಹಾ ಎರಡು ಪಾತೇಲಿಯೊಳಗ ಮಾಡಬೇಕು, ಒಂದು ಸಕ್ಕರಿ ಹಾಕಿದ್ದು, ಒಂದು ಹಾಕಲಾರದ್ದು. 2023ರಾಗ ಪ್ರಕಟ ಆದ ಐಸಿಎಂಆರ್ ಇಂಡಿಯಾಬ್ ಅಧ್ಯಯನದ ಪ್ರಕಾರ ನಮ್ಮ ದೇಶದಾಗ ಸುಮಾರು 10 ಕೋಟಿ ಮಂದಿಗೆ ಈ ಬ್ಯಾನಿ ಅದ. ಇಷ್ಟು ಮಂದಿ ಇದ್ದ ಮ್ಯಾಲೆ ದವಾಖಾನಿಯ ವಾರ್ಡಿನೊಳಗೂ ಅವರು ಇದ್ದ ಇರತಾರ. ಆದ್ರ ಅವರು ಶುಗರ್ ಸಲುವಾಗಿ ಬಂದಿರೂದಿಲ್ಲ. ಒಬ್ಬರು ಕಾಲು ಮುರಕೊಂಡು ಬಂದಿರತಾರ, ಒಬ್ಬರು ಎದಿನೋವು ಅಂತ ಬಂದಿರತಾರ, ಒಬ್ಬಾಕಿ ಹೆರಿಗಿಗೆ ಬಂದಿರತಾಳ. ಮೂಳಿ ಡಾಕ್ಟರು ಮೂಳಿ ನೋಡತಾರ, ಹಾರ್ಟ್ ಡಾಕ್ಟರು ಹಾರ್ಟ್ ನೋಡತಾರ. ಶುಗರ್ ಮಾತ್ರ ಕರೀಲಾರದ ಬಂದ ಬೀಗರಂಗ ಮೂಲಿಯೊಳಗ ಕೂತಿರತದ.

ನಾ ಹೇಳೂದು ಇಷ್ಟ. ಪ್ರತಿ ದೊಡ್ಡ ದವಾಖಾನಿಯೊಳಗ ಶುಗರ್ ನೋಡಲಿಕ್ಕೇ ಅಂತ ತಯಾರಾದ ಒಬ್ಬಾಕಿ ಸಿಸ್ಟರ್ ಇರಬೇಕು. ಇನ್ನೊಬ್ಬ ಡಾಕ್ಟರ್ ಅಲ್ಲ, ಸಿಸ್ಟರ್. ಅದೂ ಯಾರೋ ಒಬ್ಬಾಕಿ ಪುಣ್ಯಾತಗಿತ್ತಿ ತನ್ನ ಡ್ಯೂಟಿ ಮುಗಿಸಿ ಉಪಕಾರಕ್ಕ ಮಾಡೂದಲ್ಲ. ಅದ ಆಕಿ ಹುದ್ದಿ ಆಗಿರಬೇಕು, ಅದಕ್ಕ ಆಕಿಗೆ ಪಗಾರ ಸಿಗಬೇಕು.

ಯಾಕಂತ ಕೇಳ್ರಿ. ಹೋದ ವರ್ಷ ನಮ್ಮ ಅತ್ತಿಯವರನ್ನ ಕಾಲಿನ ಹುಣ್ಣಿನ ಸಲುವಾಗಿ ಒಂದು ದವಾಖಾನಿಯೊಳಗ ಒಂಬತ್ತು ದಿನ ಇಟ್ಟಿದ್ವಿ. ಎರಡನೇ ದಿನ ಮುಂಜಾನೆ ಏಳೂವರಿಗೆ ಇನ್ಸುಲಿನ್ ಸೂಜಿ ಮಾಡಿದ್ರು. ನಾಷ್ಟಾದ ಗಾಡಿ ಬಂದದ್ದು ಒಂಬತ್ತೂ ಕಾಲಿಗೆ. ಅಷ್ಟರಾಗ ಅತ್ತಿಯವರಿಗೆ ಮೈಯೆಲ್ಲಾ ಬೆವರು, ಕೈ ನಡುಗಲಿಕ್ಕೆ ಹತ್ತಿದ್ವು, ನನ್ನ ಮಾರಿ ನೋಡಿಕೋತ ತೀರಿಹೋದ ತಮ್ಮ ಅಕ್ಕನ ಹೆಸರು ಹಿಡದು ಕರೀಲಿಕ್ಕೆ ಹತ್ತಿದ್ರು. ಬಾಜೂ ಕಾಟಿನ ಅಜ್ಜಿಯ ಮಗಳು ತನ್ನ ಫ್ಲಾಸ್ಕಿನಾಗಿನ ಸಕ್ಕರಿ ಚಹಾ ಕುಡಿಸಿದಳು. ಸಿಸ್ಟರ್ ಓಡಿ ಬಂದು ಬೆರಳಿಗೆ ಚುಚ್ಚಿ ನೋಡಿದ್ರ 52. ಎಪ್ಪತ್ತರ ಕೆಳಗ ಬಂತಂದ್ರನ ಅಪಾಯ ಶುರು. ಪಾಪ, ಆ ಸಿಸ್ಟರನ್ನ ಬೈಲಿಕ್ಕೆ ನನಗ ಮನಸ್ಸಾಗಲಿಲ್ಲ. ಮೂವತ್ತು ಕಾಟಿಗೆ ಇಬ್ಬರ ಸಿಸ್ಟರ್ ಇದ್ರು. ಸೂಜಿ ಟೈಮು ಅವರ ಕೈಯಾಗ, ನಾಷ್ಟಾದ ಟೈಮು ಕ್ಯಾಂಟೀನಿನವರ ಕೈಯಾಗ. ಎರಡನ್ನೂ ಜೋಡಸೂದು ಯಾರ ಕೆಲಸಾನೂ ಆಗಿರಲಿಲ್ಲ. ಶುಗರ್ ಸಿಸ್ಟರ್ ಒಬ್ಬಾಕಿ ಇದ್ದಿದ್ರ ಆಕಿ ಮೊದಲ ಕೆಲಸ ಇದ ಆಗತಿತ್ತು.

ಡಿಸ್ಚಾರ್ಜ್ ದಿವಸದ ಕಥಿ ಇನ್ನೊಂದು. ಬಿಲ್ ತಿಳಿಸಿ ಹೇಳಲಿಕ್ಕೆ ಕೌಂಟರಿನವರು ಇಪ್ಪತ್ತು ನಿಮಿಷ ಕೊಟ್ರು. ಇನ್ಸುಲಿನ್ ತಿಳಿಸಿ ಹೇಳಲಿಕ್ಕೆ ಎರಡು ನಿಮಿಷ. "ಮುಂಜಾನೆ 16, ರಾತ್ರಿ 10, ಹೊಟ್ಟಿಗೆ ಚುಚ್ಚರಿ, ಫ್ರಿಜ್ಜಿನಾಗ ಇಡ್ರಿ." ಮುಗೀತು! ಆವತ್ತಿನ ತನಕಾ ಸಿಸ್ಟರ್ ಮಾಡೋ ಕೆಲಸ ಆವತ್ತಿನಿಂದ ಸೊಸಿ ಕೆಲಸ.

ಈ ನಾಕು ಮಾತಿನೊಳಗ ಏನೇನು ಅಡಗೇದ ನೋಡ್ರಿ. ನಮ್ಮಲ್ಲಿ ಬಾಟಲಿ ಇನ್ಸುಲಿನ್ ಎರಡು ತರಾ ಸಿಗತದ, ಒಂದು ಮಿಲಿಯೊಳಗ 40 ಯೂನಿಟ್ ಇರೂದು, 100 ಯೂನಿಟ್ ಇರೂದು. ಸಿರಿಂಜೂ ಎರಡು ತರಾ. ಸಾಮಾನ್ಯವಾಗಿ 40ರದಕ್ಕ ಕೆಂಪು ಟೊಪ್ಪಿಗಿ, 100ರದಕ್ಕ ಕಿತ್ತಳಿ ಬಣ್ಣದ್ದು. 100ರ ಬಾಟಲಿಯಿಂದ 40ರ ಸಿರಿಂಜಿನಾಗ 10ರ ಗೆರಿ ತನಕಾ ಎಳದ್ರ ಹೊಟ್ಟಿಗೆ ಹೋಗೂದು 10 ಅಲ್ಲ, 25. ಉಲ್ಟಾ ಆದ್ರ 10ರ ಬದಲಿ 4. ಒಂದರಾಗ ಮನಶ್ಯಾ ಎಚ್ಚರ ತಪ್ಪತಾನ, ಇನ್ನೊಂದರಾಗ ಶುಗರ್ ಏರಿಕೋತ ಹೋಗತದ. ಹಾಲಿನಂಗ ಕಾಣೋ ಇನ್ಸುಲಿನ್ ಇದ್ರ ಬಾಟಲಿ ಅಂಗೈಯೊಳಗ ಮೆಲ್ಲಕ ಹೊರಳಿಸಬೇಕು, ಮಜ್ಜಿಗಿ ಕಡದಂಗ ಕುಲಕಬಾರದು. ದಿನಾ ಒಂದ ಜಾಗಾದಾಗ ಚುಚ್ಚಿದ್ರ ಅಲ್ಲಿ ಗಂಟು ಕಟ್ಟತದ, ಔಷಧ ಸರಿಯಾಗಿ ಮೈಗೆ ಹತ್ತೂದಿಲ್ಲ. ಫ್ರಿಜ್ ಅಂದ್ರ ಬರ್ಫದ ಖಾನಿ ಅಲ್ಲ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿಸಿದ್ರೂ ಕೆಲಸಕ್ಕ ಬರೂದಿಲ್ಲ. ಇವೆಲ್ಲಾ ಚೀಟಿಯೊಳಗ ಬರದು ಕೊಟ್ರ ಬರೋ ವಿದ್ಯಾ ಅಲ್ಲ. ಹೋಳಿಗಿ ಲಟ್ಟಸೂದನ್ನ ಚೀಟಿ ಓದಿ ಯಾರರ ಕಲತಾರೇನು? ಬಾಜೂಕ ಕೂತು, ಕೈ ಹಿಡದು ಮಾಡಿಸಿ, ಆಮ್ಯಾಲೆ "ಈಗ ನೀವು ಮಾಡಿ ತೋರಸ್ರಿ" ಅಂತ ಹೇಳೋ ಒಬ್ಬರು ಬೇಕು.

ಇನ್ನ ಶುಗರ್ ನಮಗ, ಹೆಣ್ಣಮಕ್ಕಳಿಗೇ ಇದ್ರಂತೂ ಕೇಳೂದ ಬ್ಯಾಡ. ಚೀಟಿಯೊಳಗ "ಊಟಕ್ಕ ಮೊದಲು" ಅಂತ ಬರದಿರತಾರ. ಯಾರ ಊಟಕ್ಕ ಮೊದಲು? ನಾವು ಸೂಜಿ ತಗೊಂಡು, ಮಕ್ಕಳ ಡಬ್ಬಿ ಕಟ್ಟಿ, ಗಂಡಸರಿಗೆ ಬಡಿಸಿ, ದೇವರ ಪೂಜಾ ಮುಗಿಸಿ, ಕಡೀಕ ತಾಟು ಹಾಕ್ಕೊಳ್ಳೂದರಾಗ ತಾಸು ಎರಡು ತಾಸು ಆಗಿರತದ. ಏಕಾದಶಿ, ಸೋಮವಾರದ ಉಪವಾಸ ಬ್ಯಾರೆ. ರೌಂಡ್ಸಿಗೆ ಬಂದ ಡಾಕ್ಟರು ಇದನ್ನ ಕೇಳೂದಿಲ್ಲ, ಸುತ್ತ ಮಂದಿ ನಿಂತಿದ್ರ ನಾವೂ ಹೇಳೂದಿಲ್ಲ. ಕುರ್ಚಿ ಎಳಕೊಂಡು ಕೂತು "ಅಕ್ಕಾರ, ನೀವು ಖರೇನ ಎಷ್ಟಕ್ಕ ಉಣತೀರಿ?" ಅಂತ ಕೇಳೋ ಸಿಸ್ಟರ್ ಇದ್ರ ಹೇಳತೀವಿ. ಆಕಿ ಅದನ್ನ ಡಾಕ್ಟರಿಗೆ ಮುಟ್ಟಿಸಿದ್ರ ಅವರು ಡೋಸು, ಟೈಮು ನಮ್ಮ ದಿನಕ್ಕ ಹೊಂದಿಸಿ ಬರದು ಕೊಡಬಹುದು. ಓಟ್ಸ್ ತಿನ್ರಿ ಅಂತ ಚಾರ್ಟ್ ಕೊಡೂದಕಿಂತ "ಎಷ್ಟು ಜ್ವಾಳದ ರೊಟ್ಟಿ ಉಣತೀರಿ, ಜೋಡಿ ಪಲ್ಯ ಎಷ್ಟು, ಅನ್ನ ಎಷ್ಟು" ಅಂತ ಕೇಳಿದ್ರ ಅದು ನಮ್ಮ ಅಡಗಿಮನಿಗೆ ಹೊಂದೋ ಮಾತು.

ಇದೇನು ನಾ ಹೊಸದಾಗಿ ಹುಟ್ಟಿಸಿದ ವಿಚಾರ ಅಲ್ಲ. ಮನಶ್ಯಾಗ ಮೊದಲನೇ ಸಲ ಇನ್ಸುಲಿನ್ ಕೊಟ್ಟದ್ದು 1922ರಾಗ, ಕೆನಡಾದ ಟೊರಾಂಟೊದಾಗ. ಆ ಕಾಲದಾಗನ ಅಮೆರಿಕಾದ ಬಾಸ್ಟನ್ನಿನ ಡಾಕ್ಟರ್ ಜೋಸ್ಲಿನ್ ಅವರು ಸಿಸ್ಟರ್‌ಗಳನ್ನ ತಯಾರು ಮಾಡಿ, ರೋಗಿಗಳ ಮನಿತನಕಾ ಕಳಿಸಿ ಕಲಿಸಲಿಕ್ಕೆ ಹಚ್ಚಿದ್ರು. ಇಂಗ್ಲೆಂಡಿನ ಲೆಸ್ಟರ್ ಊರಾಗ ಡಾಕ್ಟರ್ ಜೋನ್ ವಾಕರ್ ಅನ್ನೋ ಹೆಣ್ಣಮಗಳು 1950ರ ದಶಕದಾಗ ಇಂಥಾ ಕೆಲಸಕ್ಕ ಸಿಸ್ಟರ್‌ಗಳನ್ನ ನೇಮಿಸಿಕೊಂಡ್ರು. ಈಗ ಆ ದೇಶದ ಸರಕಾರಿ ದವಾಖಾನಿಗಳೊಳಗ ಅದೊಂದು ಬ್ಯಾರೆನ ಹುದ್ದಿ. ಅಲ್ಲಿ ಎಣಿಸಿ ನೋಡಿದಾಗ ಆರು ಕಾಟಿಗೆ ಒಂದರಾಗ ಶುಗರ್ ಇದ್ದವರು ಇದ್ರಂತ. ನಮ್ಮಲ್ಲೂ ಕೆಲವು ದೊಡ್ಡ ಖಾಸಗಿ ದವಾಖಾನಿಯೊಳಗ ಡಯಾಬಿಟಿಸ್ ಎಜುಕೇಟರ್ ಅಂತ ಇರತಾರ, ಛಲೋನ ಆತು. ಆದ್ರ ಕಾಲಿನ ಹುಣ್ಣು ಹೊತ್ತುಕೊಂಡು ಸರಕಾರಿ ವಾರ್ಡಿಗೆ ಬರೋ ಬಡವಿಗೂ ಅಂಥಾಕಿ ಬೇಕಲ್ಲ?

"ಯೂಟ್ಯೂಬಿನಾಗ ಎಲ್ಲಾ ಇರತದ ಬಿಡ್ರಿ" ಅಂತ ನಮ್ಮ ಮೈದುನ ಅಂತಾನ. ಇರತದ. ಆದ್ರ ಯೂಟ್ಯೂಬು ನಮ್ಮ ಕೈಯಾಗಿನ ಸಿರಿಂಜ್ ನೋಡಿ "ಇದು ತಪ್ಪದ" ಅಂತ ಹೇಳೂದಿಲ್ಲ. "ಖರ್ಚು ಯಾರು ಹಾಕಬೇಕು?" ಅಂತ ಇನ್ನೊಬ್ಬರು. ಶುಗರ್ ಇಳದು ರಾತ್ರಿ ಎರಡಕ್ಕ ಮತ್ತ ಅಡ್ಮಿಟ್ ಮಾಡೂದಕ್ಕ, ಬೆರಳು ಕಳಕೊಳ್ಳೂದಕ್ಕ ಖರ್ಚಿಲ್ಲೇನು?

ಹುದ್ದಿ ಯಾವಾಗ ಬರತದೋ ಬರಲಿ. ಅಲ್ಲೀತನಕಾ ವೈನಿಗಳ, ಅಕ್ಕಂದಿರ, ಒಂದು ಮಾತು ನಡಿಸಿಕೊಡ್ರಿ. ಡಿಸ್ಚಾರ್ಜ್ ಕಾಗದಕ್ಕ ಸಹಿ ಮಾಡೋ ಮೊದಲು ಕೇಳ್ರಿ: ಈ ಬಾಟಲಿಗೆ ಈ ಸಿರಿಂಜ್ ಸರಿ ಅದ ಏನು? ಎಲ್ಲೆಲ್ಲೆ ಚುಚ್ಚಬೇಕು? ಉಣಲಿಕ್ಕೆ ಆಗದ ದಿವಸ ಏನು ಮಾಡಬೇಕು? ಶುಗರ್ ಇಳದ್ರ ಏನು ಕೊಡಬೇಕು? (ಎಚ್ಚರ ಇದ್ರ ಮೂರು ಚಮಚಾ ಸಕ್ಕರಿ ನೀರಾಗ ಕದಡಿ ಕುಡಿಸಿ, ಹದಿನೈದು ನಿಮಿಷಕ್ಕ ಮತ್ತ ನೋಡಬೇಕು, ಎಚ್ಚರ ಇರಲಿಲ್ಲಂದ್ರ ಬಾಯಾಗ ಏನೂ ಹಾಕಬಾರದು, ಸೀದಾ ದವಾಖಾನಿ.) ರಾತ್ರಿ ಸಂಶಯ ಬಂದ್ರ ಯಾವ ನಂಬರಿಗೆ ಫೋನ್ ಹಚ್ಚಬೇಕು? ಒಂದು ಸೂಜಿ ಅವರ ಎದುರಿಗೆ ನೀವ ಮಾಡಿ ತೋರಸ್ರಿ. ಹಿಂದ ಮಂದಿ ಕಾಯಲಿಕ್ಕೆ ಹತ್ಯಾರ, ಅವಸರ ಅದ ಅಂದ್ರೂ ಎದ್ದು ಬರಬ್ಯಾಡ್ರಿ. ದಿನಾ ಹತ್ತು ಮನಿಯವರು ಹಿಂಗ ಕುರ್ಚಿ ಬಿಟ್ಟು ಏಳಲಿಲ್ಲಂದ್ರ, ಉತ್ತರ ಹೇಳಲಿಕ್ಕೆ ಅಂತನ ಒಬ್ಬಾಕಿನ್ನ ಅವರು ಇಡಬೇಕಾಗತದ.