ಸೈಟು ಹೋಯ್ತು, ಖಾತೆ ಯಾರದು?

“ಸೈಟು ಹೋಯ್ತು ಚಿಕ್ಕಪ್ಪಾ!” ಯಲ್ದೂರಿನಿಂದ ಅಣ್ಣನ ಮಗನ ಫೋನು. ಹಿಂದೆಯೇ ಅಣ್ಣನ ಗಾಬರಿಯ ದನಿ: “ಯಾವ್ ಸೈಟೋ? ಬೇಲಿ ಹಾಕ್ಸಿದ್ವಲ್ಲೋ!”

ಶ್ರೀನಿವಾಸಪುರದ ಕಡೆ ಸೈಟು ಅಂದರೆ 30–40ರ ನಿವೇಶನ. ಹೋಗಿದ್ದು ಅದಲ್ಲ, ಮಾವಿನಹಣ್ಣು ಮಾರಲು ಮಾಡಿಸಿದ್ದ ವೆಬ್‌ಸೈಟು. 2025ರ ಜೂನ್‌ನಲ್ಲಿ ತೋತಾಪುರಿ ದರ ನೆಲ ಕಚ್ಚಿ, ಚಿತ್ತೂರು ಜಿಲ್ಲೆ ನಮ್ಮ ಹಣ್ಣಿಗೆ ಗೇಟು ಹಾಕಿದ್ದನ್ನು ಕಂಡವರಿಗೆ ಮಂಡಿಯೊಂದನ್ನೇ ನಂಬಬೇಡಿ ಎಂದು ಬೇರೆ ಹೇಳಬೇಕಿಲ್ಲ. ಹುಡುಗ ಬಾದಾಮಿ ಹಣ್ಣನ್ನು ಡಬ್ಬಕ್ಕೆ ತುಂಬಿ ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಿಗೆ ನೇರವಾಗಿ ಕಳಿಸುತ್ತಿದ್ದ. ಡಬ್ಬದ ಮೇಲೆಲ್ಲ ವೆಬ್‌ಸೈಟಿನ ಹೆಸರು ಅಚ್ಚಾಗಿತ್ತು.

ಡೊಮೈನ್ ಹೆಸರಿನ ಅವಧಿ ಮಾರ್ಚ್‌ನಲ್ಲೇ ಮುಗಿದಿತ್ತು. ಗಿಡದಲ್ಲಿ ಇನ್ನೂ ಕಾಯಿ ಇರುವಾಗ ಸೈಟು ನೋಡುವವರು ಯಾರು? ಮೇ ತಿಂಗಳಲ್ಲಿ ಗಿರಾಕಿಗಳು ಕೇಳಿದಾಗಲೇ ಗೊತ್ತಾಗಿದ್ದು. ಹೆಸರು ಕೊಟ್ಟ ಕಂಪನಿ ನೆನಪೋಲೆಗಳನ್ನು ಕಳಿಸಿತ್ತು, ನಿಜ. ಆದರೆ ಸೈಟು ಮಾಡಿಕೊಟ್ಟ ಕೋಲಾರದ ಹುಡುಗನ ಇಮೇಲಿಗೆ. ಅವನೀಗ ಕೊಲ್ಲಿ ದೇಶದಲ್ಲಿದ್ದಾನೆ. ಚಾಟ್‌ನಲ್ಲಿ ಕೇಳಿದರೆ “ಖಾತೆದಾರರೇ ಸಂಪರ್ಕಿಸಬೇಕು, ನಿಮ್ಮ ತಾಳ್ಮೆಗೆ ಧನ್ಯವಾದ.” ನಮಗೆ ಇಲ್ಲದ ತಾಳ್ಮೆಗೆ ಧನ್ಯವಾದ ಬೇರೆ!

ಡಾಟ್ ಕಾಮ್ ಹೆಸರಿನ ಅವಧಿ ಮುಗಿದ ಮೇಲೆ ಮಾಮೂಲಿ ದರದಲ್ಲೇ ನವೀಕರಿಸಲು ಕಂಪನಿಗಳು ಸಾಮಾನ್ಯವಾಗಿ ಒಂದಷ್ಟು ದಿನ ಬಿಡುತ್ತವೆ. ಅದೂ ದಾಟಿ ಹೆಸರು ಅಳಿಸಿದರೆ 30 ದಿನಗಳ ‘ರಿಡೆಂಪ್ಶನ್’. ಆಗ ಬಿಡಿಸಿಕೊಳ್ಳಲು ದಂಡ ಕಟ್ಟಬೇಕು. ಕೊನೆಗೆ 5 ದಿನ ಕಾಯುವಿಕೆ, ಆಮೇಲೆ ಹೆಸರು ಯಾರ ಪಾಲಾದರೂ ಆಗಬಹುದು. ಸಾವಿರ ಚಿಲ್ಲರೆಯಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ನಮಗೆ ಹೇಳಿದ್ದು ಏಳು ಸಾವಿರ. ಅದನ್ನು ಕಟ್ಟಲೂ ಕೊಲ್ಲಿ ದೇಶದಿಂದ ಒಟಿಪಿ ಬರಬೇಕು. ಬರಲಿಲ್ಲ.

ಡೊಮೈನ್ ‘ಕೊಂಡೆವು’ ಅನ್ನುತ್ತೇವೆ. ಅದು ಕೊಳ್ಳುವ ವಸ್ತುವೇ ಅಲ್ಲ, ಒಂದು ಸಲಕ್ಕೆ ಹೆಚ್ಚೆಂದರೆ 10 ವರ್ಷಕ್ಕೆ ಸಿಗುವ ಗುತ್ತಿಗೆ. ಹೂ ಬಿಟ್ಟಾಗ ವ್ಯಾಪಾರಿ ತೋಟದ ಫಸಲು ಹಿಡಿಯುತ್ತಾನಲ್ಲ, ಹಾಗೆ. ಅಲ್ಲಿ ಪಹಣಿಯಾದರೂ ರೈತನ ಹೆಸರಲ್ಲೇ ಇರುತ್ತದೆ. ಇಲ್ಲಿ ನಾವೇ ಗುತ್ತಿಗೆದಾರರು, ಆ ಕರಾರು ಕೂಡ ಯಾರದೋ ಹೆಸರಲ್ಲಿ!

ಖಾತೆದಾರರೇ ಬರಬೇಕೆಂಬ ನಿಯಮ ತಪ್ಪಲ್ಲ ಬಿಡಿ, ಅದಿಲ್ಲದಿದ್ದರೆ ದಾರಿಹೋಕರೂ ಹೆಸರು ಕಸಿಯುತ್ತಿದ್ದರು. ನನ್ನ ಸಿಟ್ಟು ಈ ಕಂಪನಿಗಳು ಅಂಗಡಿ ಇಟ್ಟ ರೀತಿಯ ಮೇಲೆ. ಮೊದಲ ವರ್ಷ 99 ರೂಪಾಯಿ ಎಂದು ದಪ್ಪಕ್ಷರ, ಎರಡನೇ ವರ್ಷದ ದರ ಇರುವೆ ಗಾತ್ರದಲ್ಲಿ. ಸೈಟು ಇಡುವ ಜಾಗದ ಬಾಡಿಗೆ, ಅಂದರೆ ಹೋಸ್ಟಿಂಗ್, ತಿಂಗಳಿಗೆ ಇಷ್ಟೇ ಅನ್ನುತ್ತಾರೆ, ಆ ದರ ಬೇಕಿದ್ದರೆ ನಾಲ್ಕು ವರ್ಷದ್ದು ಒಟ್ಟಿಗೆ ಕಟ್ಟಬೇಕು, ಮೇಲೆ ಶೇ 18 ಜಿಎಸ್‌ಟಿ. ಕೇಳದ ಇಮೇಲು, ಕೇಳದ ಭದ್ರತೆ ತಾವಾಗಿ ಬಂದು ಬಿಲ್ಲಿನಲ್ಲಿ ಕೂತಿರುತ್ತವೆ. ಗ್ರಾಹಕರ ಬುಟ್ಟಿಗೆ ಹೀಗೆ ಕದ್ದು ತುಂಬುವುದನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದೇ ನಿಷೇಧಿಸಿದೆ. ಅಂಥ 13 ಬಗೆಯ ‘ಡಾರ್ಕ್ ಪ್ಯಾಟರ್ನ್’ಗಳ ಪಟ್ಟಿಯೇ ಇದೆ. ದೂರಿಗೆ 1915ಕ್ಕೆ ಕರೆ ಮಾಡಬಹುದು. ಆದರೆ ಕಾಯಿಲೆಗಳ ಪಟ್ಟಿ ಮಾಡಿಟ್ಟ ವೈದ್ಯರು, ಮನೆ ಬಾಗಿಲಿಗೆ ಸಾಮಾನು ತರುವ ಅಂಗಡಿಗಳ ನಾಡಿಯಷ್ಟೇ ಗಟ್ಟಿಯಾಗಿ ಈ ಡೊಮೈನ್ ಕಂಪನಿಗಳ ನಾಡಿಯನ್ನೂ ಹಿಡಿಯಬೇಕಲ್ಲ? ಅವಧಿ ಮುಗಿಯುವ ಸುದ್ದಿಯನ್ನು ಮೊಬೈಲಿಗೆ ಕನ್ನಡದಲ್ಲಿ ಒಂದು ಸಾಲು ಕಳಿಸಿ ಎಂದು ಕಡ್ಡಾಯ ಮಾಡಿದರೆ ಯಾರ ಗಂಟೂ ಹೋಗುವುದಿಲ್ಲ.

ಕನ್ನಡ ಅಂದಾಗ ನೆನಪಾಯಿತು. ಇಂಗ್ಲಿಷಿನಲ್ಲಿ ನಮ್ಮೂರ ಹೆಸರನ್ನು ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಕನ್ನಡದಲ್ಲೇ ‘.ಭಾರತ’ ಎಂದು ಕೊನೆಯಾಗುವ ವಿಳಾಸ ಪಡೆಯುವ ಸೌಲಭ್ಯ ಇದೆ. ನನಗಂತೂ ಆಸೆಯಿತ್ತು. ಆದರೆ ನಕಲು ಮಾಡಿ ಕಳಿಸಿದರೆ ಅದು ಎಷ್ಟೋ ಕಡೆ ‘ಎಕ್ಸ್‌ಎನ್’ ಎಂದು ಶುರುವಾಗುವ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸರವಾಗುತ್ತದೆ. ಗಿರಾಕಿ ಅದನ್ನು ಕಂಡು ವಂಚಕರ ಕೊಂಡಿ ಎಂದು ಹೆದರುತ್ತಾನೆ.

ಕೊನೆಗೆ ಅಣ್ಣನ ಮಗ ತನ್ನದೇ ಇಮೇಲು, ತನ್ನದೇ ಮೊಬೈಲು ಕೊಟ್ಟು ಹೊಸದೊಂದು ಡಾಟ್ ಇನ್ ಹೆಸರು ಪಡೆದ. ಅಣ್ಣನಿಗೆ ರಸೀದಿಯ ಪ್ರಿಂಟೇ ಬೇಕಾಯಿತು. ಅದೀಗ ಟ್ರಂಕಿನಲ್ಲಿ ಪಹಣಿಯ ಜೊತೆ ಮಡಚಿ ಕೂತಿದೆ. ಅತ್ತಿಗೆ ಮಾತ್ರ ಅಂಗಳದಲ್ಲಿ ಕೂತು ಹಳೇ ಡಬ್ಬಗಳ ಮೇಲೆ ಹೊಸ ಹೆಸರಿನ ಸ್ಟಿಕರ್ ಅಂಟಿಸುತ್ತಿದ್ದಾರೆ. ಇನ್ನೂ ಆರುನೂರು ಬಾಕಿ ಇವೆಯಂತೆ.