ಅರ್ಧ ತಾಸಿನ ಕೆಲಸಕ್ಕ ಅರ್ಧ ತಾಸಿನ ಬಾಡಿಗಿ ಸಾಲೂದಿಲ್ಲ

ಇವತ್ತಿನ ಮಾತು ಕೆಲವರಿಗೆ ಖಾರ ಅನಸಬಹುದು. ಆದರೂ ಬರೀತೀನಿ, ಯಾಕಂದ್ರ ಪ್ರತಿ ಮುಂಗಾರಿಗೂ ಇದ ಜಗಳ.

"ಎಂಟು ಗುಂಟೆ ಐತ್ರಿ ಕಾಕಾ, ಅರ್ಧ ತಾಸಿನ ಕೆಲಸ, ರೋಟರ್ ತಗೊಂಡು ಬಂದು ಹೋಗ್ರಿ" ಅಂತ ಫೋನ್ ಬರ್ತದ. ಕೆಲಸ ಮುಗಿದ ಮ್ಯಾಲೆ ತಾಸಿಗೆ ಸಾವಿರದ ಲೆಕ್ಕದಾಗ ಐದುನೂರು ಕೈಗಿಡ್ತಾರ. ಅದೂ ಕೊಟ್ಟರ. "ಚಿಕ್ಕು ಮಾರಿದ ಮ್ಯಾಲೆ ಕೊಡ್ತೀನಿ" ಅನ್ನೋರೇ ಬಹಳ.

ಲೆಕ್ಕ ಕೇಳ್ರಿ. ನನ್ನದು 45 ಎಚ್‌ಪಿ ಗಾಡಿ. ರೋಟರ್ ಹಾಕಿದರ ತಾಸಿಗೆ ಐದಾರು ಲೀಟರ್ ಡೀಸೆಲ್ ಕುಡೀತದ. ನಿಮ್ಮ ಎಂಟು ಗುಂಟೆಗೆ ಮೂರು ಲೀಟರ್ ಹೋತು. ಹೊಲ ನಾಲ್ಕು ಕಿಲೋಮೀಟರ್ ದೂರ ಇದ್ದರ ಹೋಗಿ ಬರೂದಕ್ಕ ಇನ್ನೆರಡು ಲೀಟರ್. ಲೀಟರಿಗೆ 90 ರೂಪಾಯಿ ಹಿಡಿದರೂ 450 ಆತು. ಉಳಿದ ಐವತ್ತು ರೂಪಾಯದಾಗ ಡ್ರೈವರ್ ಪಗಾರ, ಆಯಿಲ್, ಬ್ಲೇಡ್, ಟಾಯರ್, ಬ್ಯಾಂಕಿನ ಕಂತು! ಗಾಡಿಗೆ ಕುಂಟಿ ಹಚ್ಚಿದ್ದರ ಅದನ್ನ ಬಿಚ್ಚಿ ರೋಟರ್ ಕೂಡಸೂದಕ್ಕ ಮತ್ತ ಅರ್ಧ ತಾಸು ಬೇಕು. ನಿಮ್ಮ ಅರ್ಧ ತಾಸು ನನ್ನ ಎರಡು ತಾಸು ತಿಂತದ.

ಕೆಲವರು ಮೀಟರ್ ನೋಡಿ ವಾದ ಮಾಡ್ತಾರ. ಹಳೇ ಟ್ರ್ಯಾಕ್ಟರಿನ ತಾಸಿನ ಮೀಟರ್ ಗಡಿಯಾರ ಅಲ್ಲ. ಎಂಜಿನ್ ತಿರುಗಿದಷ್ಟು ಅದು ಓಡ್ತದ. ಸಾವಕಾಶ ನಡಸಿದರ ಒಂದು ತಾಸು ದುಡಿದರೂ ಮೀಟರ್ ಅಷ್ಟು ತೋರಸೂದಿಲ್ಲ. ಹಿಂಗಾಗಿ ಸಣ್ಣ ತುಣುಕಿಗೆ ತಾಸಿನ ಲೆಕ್ಕನೇ ಬ್ಯಾಡ, ಒಂದು ಮೊತ್ತ ಮೊದಲ ಮಾತಾಡೂದು ಚಲೋ.

"ಮೊದಲಿನ ಕಾಲದಾಗ ಹಿಂಗ ರೊಕ್ಕ ಕೇಳ್ತಿದ್ದಿಲ್ಲ, ಮುಯ್ಯಿ ನಡೀತಿತ್ತು" ಅಂತ ಹಿರಿಯರು ಬೈತಾರ. ಖರೆ ಐತಿ. ನಿಮ್ಮ ಎತ್ತು ನಮ್ಮ ಹೊಲಕ್ಕ, ನಮ್ಮ ಎತ್ತು ನಿಮ್ಮ ಹೊಲಕ್ಕ ಬರ್ತಿದ್ದವು. ಆದರ ಎತ್ತಿನ ಮೇವು ಹೊಲದಾಗ ಬೆಳೀತಿತ್ತು, ಡೀಸೆಲ್ ಬೆಳೆಯಂಗಿಲ್ಲ. ಕೈಲಾಗದವರ ಹೊಲ ನಾನೂ ಪುಕ್ಕಟೆ ಹೊಡೆದು ಕೊಟ್ಟೀನಿ, ಮುಂದೂ ಕೊಡ್ತೀನಿ. ಅದು ನಾ ಒಪ್ಪಿ ಮಾಡೂ ಮಾತು. ಕೆಲಸ ಮುಗಿದ ಮ್ಯಾಲೆ ನೀವು ಕಡಿದು ಕೊಡೂದು ಬ್ಯಾರೆ. ಸರ್ಕಾರದ ಕೃಷಿ ಯಂತ್ರಧಾರೆ ಕೇಂದ್ರಕ್ಕ ಹೋದಾಗ ಬಾಡಿಗಿ ಎಷ್ಟಂತ ಮೊದಲ ಕೇಳ್ತೀರಿ, ಮಂದಿ ಮುಂದ ಯಾಕ ಕೇಳೂದಿಲ್ಲ?

ಇನ್ನ ನುಕ್ಸಾನಿನ ಮಾತು. ಹೋದ ವರ್ಷ ಒಬ್ಬರ ದಾಳಿಂಬ್ರಿ ತ್ವಾಟ ತಗದ ಜಾಗಾ ಹೊಡಿಯಾಕ ಹೋಗಿದ್ದೆ. ಗೇಣು ಆಳದಾಗ ಪೈಪ್ ಹುಗದಿದ್ದರು, ಹೇಳಿದ್ದಿಲ್ಲ. ಪೈಪ್ ಹರೀತು. ಹಳೇ ಡ್ರಿಪ್ ನಳಿಗಿ, ತಂತಿ ರೋಟರ್ ಶಾಫ್ಟಿಗೆ ಸುತ್ತಿ ಆಯಿಲ್ ಸೀಲ್ ಹೋತು. ಬಾಡಿಗಿಯೊಳಗ ಪೈಪಿನ ರೊಕ್ಕ ಮುರಕೊಂಡರು, ನನ್ನ ಸೀಲಿನ ಮಾತೇ ಇಲ್ಲ. ಮಣ್ಣಾಗ ಏನು ಹುಗದೈತಿ ಅಂತ ಹೊಲದ ಮಾಲಕಗ ಗೊತ್ತಿರಬೇಕೋ, ಟ್ರ್ಯಾಕ್ಟರಿನವಗೋ?

ಕಲ್ಲು ಬಡಿದು ಬ್ಲೇಡ್ ಮುರಿದರ ಅದು ನನ್ನ ಪಾಲು. ಕಲಾದಗಿ ಭೂಮ್ಯಾಗ ಸುಣ್ಣಕಲ್ಲು ಇರೂದು ಗೊತ್ತಿದ್ದದ್ದ, ಬಾಡಿಗಿಯೊಳಗ ಅದು ಬಂತು. ಪೈಪ್, ವಾಲ್ವ್, ಮೋಟಾರಿನ ಕೇಬಲ್ ಇದ್ದಲ್ಲಿ ನೀವು ಕಟಗಿ ಹುಗದು ತೋರಸ್ರಿ. ತೋರಿಸಿದ್ದನ್ನ ನಾ ಹರದರ ನಾ ಕಟ್ಟಿಕೊಡ್ತೀನಿ. ತೋರಸದಿದ್ದರ ಪೈಪೂ ನಿಮ್ಮದು, ನನ್ನ ಸೀಲೂ ನಿಮ್ಮದು.

ಎಲ್ಲಾಕ್ಕಿಂತ ದೊಡ್ಡ ಗಂಡಾಂತರ ಮಂದಿ ಹತ್ತೂದು. ನಮ್ಮ ಬಹಳ ಗಾಡಿಗಳ ವಿಮೆ ಕೃಷಿ ಕೆಲಸಕ್ಕ ಮಾತ್ರ ಇರ್ತದ. ಕೃಷಿಗೆ ವಿಮೆ ಮಾಡಿಸಿದ ಟ್ರ್ಯಾಕ್ಟರ್ ಇಟ್ಟಂಗಿ ಭಟ್ಟಿಗೆ ಮಣ್ಣು ಹೇರುವಾಗ ಟ್ರಾಲಿಯಲ್ಲಿದ್ದ ಕೂಲಿಕಾರ ಗಾಯಗೊಂಡ ಒಂದು ಪ್ರಕರಣದಲ್ಲಿ, ವಿಮಾ ಕಂಪನಿ ಹೊಣೆ ಅಲ್ಲ ಅಂತ ಸುಪ್ರೀಂ ಕೋರ್ಟ್ 2007ರಲ್ಲಿ ಹೇಳೈತಿ. ಕೂಲಿಕಾರಗ ಪರಿಹಾರ ಕಂಪನಿ ಮೊದಲ ಕೊಡಬೇಕು, ಆಮ್ಯಾಲೆ ಗಾಡಿ ಮಾಲಕನ ಕಡೆಯಿಂದ ವಸೂಲಿ ಮಾಡಬೇಕು ಅಂತ ಆದೇಶ ಆತು. ವಸೂಲಿ ಅಂದ್ರ ಹೊಲ ಮಾರೂ ಮಾತು. ನೂರು ರೂಪಾಯಿ ಉಳಿಯೂ ಕೆಲಸಕ್ಕ ಇಷ್ಟು ಹೊಣೆ ಹೊರಾಕ ನನ್ನಿಂದ ಆಗೂದಿಲ್ಲ. ಗಾಡಿ ಇದ್ದವರು ಇವತ್ತ ನಿಮ್ಮ ಪಾಲಿಸಿ ತಗದು ಓದಸ್ರಿ.

ಕಂತಿನ ಅವಸರಕ್ಕ ಏಳುನೂರಕ್ಕ ಹೊಡಿಯೂ ಹುಡುಗರಿಗೂ ಒಂದು ಮಾತು. ತಮ್ಮಗೋಳ್ರಾ, ದರ ಕೆಡಿಸಿದರ ಮೊದಲ ಮಾರಾಟಕ್ಕ ಬರೂದು ನಿಮ್ಮ ಗಾಡಿನ.

ಈ ಮುಂಗಾರಿನಿಂದ ನನ್ನ ದರ: ಹತ್ತು ಗುಂಟೆ ಒಳಗಿನ ಯಾವ ತುಣುಕಿಗೂ ಕಡಿಮಿ ಅಂದ್ರ ಒಂದು ತಾಸಿನ ಬಾಡಿಗಿ, ಎರಡು ಕಿಲೋಮೀಟರ್ ದಾಟಿದರ ಮ್ಯಾಲೆ ಇನ್ನೂರು. ಬಾಜೂ ಹೊಲದವರು ಮೂರು ಮಂದಿ ಕೂಡಿ ಒಂದೇ ದಿನ ಕರೆದರ ಆ ಇನ್ನೂರು ಮೂವರೂ ಹಂಚಕೊಳ್ರಿ. ಹಿಂದಿನ ರಾತ್ರಿ ಫೋನ್ ಮಾಡ್ರಿ. ಮಡ್‌ಗಾರ್ಡ್ ಮ್ಯಾಲೆ ಹುಡುಗರು ಹತ್ತಿದರ ಗಾಡಿ ಬಂದ್. ಹೋದ ವರ್ಷದ ಬಾಕಿ ಇದ್ದವರು ಅದನ್ನ ಮುಟ್ಟಿಸಿ ಆಮ್ಯಾಲೆ ಪಾಳಿ ಹಚ್ಚರಿ.